ಎಕ್ಸ್ ಇರಲಿ

ಒಣದ್ರಾಕ್ಷಿ ಶೆಡ್ಡಿನಿಂದ ಬಂದು
ಅವ್ವ ಎಷ್ಟು ಕೈ ತೊಳದರೂ ಅಂಟು ಹೋಗೂದಿಲ್ಲ.
ನನ್ನ ಗಣಿತ ಪುಸ್ತಕದ ಮೂಲಿ ಮೂಲಿಗೆ
ಅಕಿ ಹೆಬ್ಬೆಟ್ಟಿನ ಸಿಹಿ ಗುರುತು.
ಇರುವಿ ಬಂದು ಓದಿ ಹೋಗ್ತಾವ.

ಅಂಗನವಾಡಿ ಸಹಾಯಕಿ ಆಗಾಕ ಎಸ್ಸೆಲ್ಸಿ ಬೇಕಂತ.
ಏಳನೇತ್ತಕ್ಕ ಬಿಟ್ಟ ಪಾಟಿ
ಟಿಕೋಟಾದ ಈ ಓಣ್ಯಾಗ, ಕರೆಂಟ್ ಹೋದ ಹೊತ್ತಿನ್ಯಾಗ,
ಮೊಬೈಲ್ ಬೆಳಕಿಗೆ ಮತ್ತ ಕೈಗೆ ತೊಗೊಂಡಾಳ.
ನಾ ಒಂಬತ್ತನೇತ್ತ. ನಾನೇ ಮಾಸ್ತರ.

"ಮಗನ ವಯಸ್ಸು ಎಕ್ಸ್ ಇರಲಿ" ಅಂದೆ.
"ಇರಲಿ ಬಿಡು" ಅಂದ್ಳು ಅವ್ವ.
ಪಗಾರ ಮುರಕೊಂಡಾಗ, ಅತ್ತಿ ಬೈದಾಗ,
ಬಸ್ಸು ತಪ್ಪಿದಾಗ ಅಕಿ ಅನ್ನೂದು ಇದೇ ಮಾತು.
"ಹಂಗಲ್ಲವ್ವ, ಗೊತ್ತಿಲ್ಲದ್ದಕ್ಕ ಒಂದು ಹೆಸರಿಟ್ಟು
ಗೊತ್ತಾಗೂತನಕ ಜೋಡಿ ಕರಕೊಂಡು ನಡೀಬೇಕು.
ಈ ಕಡೆ ಕೂಡಿಸಿದ್ದು ಗೆರಿ ದಾಟಿ ಆ ಕಡೆ ಹೋದರ
ಕಳಿಯೂದು ಆಗ್ತೈತಿ."
"ಅದು ಗೊತ್ತೈತಿ" ಅಂದ್ಳು. "ನಾನೂ ಹೊಸ್ತಿಲಾ ದಾಟೇನಿ."

ಚೀಲದಾಗ ಐದು ಕೆಂಪು ಚೆಂಡು, ಮೂರು ನೀಲಿ.
ನೋಡಲಾರದ ಒಂದು ತಗದರ?
ಅವ್ವ ನಕ್ಕಳು. "ನೋಡಲಾರದ ಯಾರ ತಗೀತಾರ?
ಸಾಂಗ್ಲಿ ದಲಾಲಿ ಪೆಟ್ಟಿಗಿ ಮ್ಯಾಲಿನ ಹಣ್ಣು ಮುಟ್ಟೂದಿಲ್ಲ.
ಮೊಣಕೈತನಕ ಕೈ ಇಳಿಸಿ ತಳದಿಂದ ಒಂದು ಹಿಡಿ,
ನಡುವಿಂದ ಒಂದು. ಕರೀವು ಎಣಸ್ತಾನ.
ನಾವು ಮ್ಯಾಲೆ ಬಂಗಾರ ಹರವಿರತೇವಿ. ಅವಗ ಗೊತ್ತು."
'ಎಂಟರಾಗ ಮೂರು' ಅಂತ ಬರೀತಿದ್ದ ಪೆನ್ನು ನಿಂತಿತು.
ಮೊದಲು ಚೀಲ ಅಲ್ಲಾಡಿಸಬೇಕು ಅನ್ನೂದು
ನಮ್ಮ ಸರ್ ಹೇಳಿದ್ದಿಲ್ಲ.

ಸರಾಸರಿ ಅಂದರ ಮಾತ್ರ ಅಕಿಗೆ ಸಿಟ್ಟು.
ಆರು ಮಂದಿ ಹೆಣಮಕ್ಕಳಿಗೆ ಮುನ್ನೂರು, ಮುಕಾದಮಗ ಸಾವಿರ,
ಎಲ್ಲಾ ಕೂಡಿಸಿ ಏಳರಿಂದ ಭಾಗಿಸಿ
"ದಿನಕ್ಕ ನಾಕನೂರು" ಅಂತ ಮಾಲಕ
ಲೇಬರ್ ಸಾಹೇಬಗ ತೋರಿಸ್ಯಾನ.
"ಲೆಕ್ಕ ಖರೇ ಐತಿ" ಅಂದೆ ಮೆಲ್ಲಕ.
"ಆ ನಾಕನೂರು ಯಾರ ಕೈಯಾಗ ಬಂದೈತಿ, ತೋರಸು.
ಏಳೂ ಮಂದಿನ್ನ ಸಾಲಾಗಿ ನಿಂದ್ರಿಸಿ
ನಡುವಿನಕಿನ್ನ ಕೇಳಬೇಕಿತ್ತು."
ಮಧ್ಯಾಂಕದ ಪಾಠ ಹಂಗ ಮುಗೀತು.

ಪರೀಕ್ಷಾ ಅರ್ಜಿ ತುಂಬೂ ದಿವಸ. ಜನ್ಮ ದಿನಾಂಕ.
ಶಾಲಿ ದಾಖಲೆ ನೋಡಿದರ ಊರಾಗ ಅರ್ಧ ಮಂದಿ
ಜೂನ್ ಒಂದಕ್ಕ ಹುಟ್ಟ್ಯಾರ.
"ಹದಿನೆಂಟು ತುಂಬ್ಯಾವ" ಅಂದಿದ್ದರಂತ, ನೋಡಾಕ ಬಂದ ಬೀಗರಿಗೆ.
"ಖರೇದು ಎಷ್ಟು?" ಅವ್ವ ಕೇಳಿದಳು.
"ಎಕ್ಸ್ ಇರಲಿ" ಅಂದೆ.
ಈ ಸಲ 'ಬಿಡು' ಅನ್ನಲಿಲ್ಲ.

ಟ್ರಂಕಿನ್ಯಾಗ ಅಮೋಗಸಿದ್ದ ಮಾವ ಹುಟ್ಟಿದ ದವಾಖಾನಿ ಚೀಟಿ:
ತೊಂಬತ್ನಾಕು.
ಆಯೇರಿಗೆ ಬಂದ ತಾಮ್ರದ ಕೊಡದ ಕಂಠಕ್ಕ
ಚುಕ್ಕಿ ಚುಕ್ಕಿ ಕೊರದ 'ಚಿ.ಸೌ. ಸಾಬವ್ವ',
ಅದರ ಕೆಳಗ ಎರಡು ಸಾವಿರದ ಒಂದು.
ಆಯಿ ಹೇಳತಿದ್ದಳಂತ: "ಅಕ್ಕಿಕಾಳು ಬೀಳೂ ದಿನ
ನೀ ತಮ್ಮನ ಎರಡು ಪಟ್ಟು.
ಹಾಲಹಲ್ಲು ಬಿದ್ದ ಬಾಯಿ ತಕ್ಕೊಂಡು
ನಿನ್ನ ಸೆರಗ ಹಿಡದು ಅತ್ತಿದ್ದ."

ಕಳದೆ. ಏಳು. ಎರಡರಿಂದ ಗುಣಿಸಿದೆ.
ಉತ್ತರದ ಕೆಳಗ ಎರಡು ಗೆರಿ ಎಳೀಬೇಕು.
ಎಳಿಯಲಿಲ್ಲ.
ಅವ್ವ ಹಾಳಿ ತನ್ನ ಕಡೆ ತಿರಿವಿಕೊಂಡು ನೋಡಿದಳು.
ಆಮ್ಯಾಲೆ ನನ್ನ ನೋಡಿದಳು,
ನನ್ನ ಎರಡು ಜಡಿ, ಮಸಿ ಬಡದ ಬೆರಳು.
ಬರೂ ಶ್ರಾವಣಕ್ಕ ನನಗೂ ಅಷ್ಟೇ ತುಂಬ್ತಾವ.

"ತಾಳೆ ನೋಡು" ಅಂದ್ಳು.
ನೋಡಿದೆ. ಎಡಕ್ಕ ಇಟ್ಟೆ, ಬಲಕ್ಕ ಇಟ್ಟೆ.
ಸಮ ಬಂತು.

ಅರ್ಜಿಯಾಗ ಜೂನ್ ಒಂದೇ ಬರದ್ವಿ, ದಾಖಲೆ ಹಂಗೈತಿ.
ಲೆಕ್ಕದ ಹಾಳಿ ಹರಕೊಂಡು, ಮಡಚಿ,
ಕೊಡದೊಳಗ ಹಾಕಿದಳು.
ಖಾಲಿ ಕೊಡಕ್ಕ ಹಾಳಿ ಬಿದ್ದ ಸಪ್ಪಳ ಎಷ್ಟಿರತೈತಿ?
ನನಗ ಕೇಳಿತು.

"ನಾಕು ಕಿಲೋ ಹಸಿಹಣ್ಣು ಒಣಗಿ ಒಂದು ಕಿಲೋ ಆಗ್ತೈತಿ.
ಉಳದ ಮೂರು ಎಲ್ಲಿ ಹೋದವು?" ಅಂದ್ಳು.
"ಪುಸ್ತಕದಾಗ ಈ ಪ್ರಶ್ನೆ ಇಲ್ಲವ್ವ."
"ಇಲ್ಲಂದರ ಬರಕೋ."